ಡಾಕ್ ಹಾಲಿಡೇಗೆ ಎರಡನೇ ಬದುಕು ಸಿಕ್ಕಿದ್ದು ಸರಿನಾ?

ಪ್ರಶ್ನೆ: ‘ವೈನೋನಾ ಅರ್ಪ್’ ಸೀರಿಯಲ್ ನಿನ್ನೆ ರಾತ್ರಿ ಮುಗಿಸಿದೆ. ನಿಜವಾದ ಡಾಕ್ ಅಮೆರಿಕದ ಬಂದೂಕುಗಾರ, ಹಲ್ಲಿನ ಡಾಕ್ಟರ್ ಕೂಡ. 1887ರಲ್ಲಿ ಕ್ಷಯದಿಂದ ಸತ್ತಾಗ 36 ವರ್ಷ ಅಷ್ಟೇ. ಸೀರಿಯಲ್‌ನಲ್ಲಿ ಮಾಟಗಾತಿ ಅವನಿಗೆ ಸಾವೇ ಬರದ ಹಾಗೆ ಮಾಡಿ ಬಾವಿಗೆ ತಳ್ಳುತ್ತಾಳೆ. ನೂರಕ್ಕೂ ಜಾಸ್ತಿ ವರ್ಷ ಆ ಕತ್ತಲಲ್ಲಿ! ಮೇಲೆ ಬಂದ ಕೂಡಲೇ ನಾನಂತೂ ಅವನನ್ನು ಕ್ಷಮಿಸಿಬಿಟ್ಟೆ. ನೀವು?

ಉತ್ತರ: ಬಾವಿಯಲ್ಲಿ ಅನುಭವಿಸಿದ್ದು ಶಿಕ್ಷೆ. ಹೊರಗೆ ಬಂದಾಗಲೂ ಅವನಿಗೆ ಬೇಕಿದ್ದದ್ದು ಸೇಡು. ಬದಲಾದದ್ದು ಆಮೇಲೆ, ನಾಯಕಿ ವೈನೋನಾ ಪಕ್ಕ ನಿಂತಾಗ.

ಉತ್ತರ: ನನ್ನನ್ನು ಕಾಡುವವನು ಬೋಬೋ. ವೈನೋನಾಳ ಪೂರ್ವಜ ವಯಾಟ್ ಅರ್ಪ್‌ನ ಗೆಳೆಯ, ವಯಾಟ್‌ನ ಗುಂಡಿಗೇ ಸತ್ತು ದೆವ್ವವಾಗಿ ಮರಳಿದವನು. ಅವನಿಗೂ ಒಂದು ಅವಕಾಶ ಬೇಕಿತ್ತು, ಅಲ್ವಾ?

ಪ್ರಶ್ನೆ ಕೇಳಿದವರು: ಬೇಕಿತ್ತು. ವಯಾಟ್‌ನಿಂದ ವೈನೋನಾಗೆ ಬಂದ ಆ ಪಿಸ್ತೂಲಿನ ನಳಿಕೆ ಕಿತ್ತಳೆ ಬಣ್ಣಕ್ಕೆ ಹೊಳೆದಾಗೆಲ್ಲ ನನ್ನ ಎದೆ ಬಿಗಿಯುತ್ತಿತ್ತು. ಅಂಥ ದೆವ್ವಗಳಿಗೆ ಅದರ ಗುಂಡು ತಗುಲಿದರೆ ನೇರ ನರಕ. ತಿದ್ದಿಕೊಳ್ಳೋಕೆ ಒಂದು ದಿನವೂ ಇಲ್ಲ.