ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್: ‘ಸ್ಪ್ರಿಂಗೊತ್ತು’ ಅನ್ನಬಹುದೇ?

ತೀರ್ಥಹಳ್ಳಿ ಕಡೆಯ ಅಡಕೆ ತೋಟದವರಿಗಾಗಿ ಸಣ್ಣ ಇಂಜಿನ್ ರಿಪೇರಿಯ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಔಷಧಿ ಹೊಡೆಯುವ ಪಂಪು, ಹುಲ್ಲು ಹೊಡೆಯುವ ಮಿಷನ್ನು, ಪಂಪ್‌ಸೆಟ್ಟು, ಇಷ್ಟೇ. (ಟೂ ಸ್ಟ್ರೋಕ್ ಮಿಷನ್ ಇರುವವರಿಗೆ ವಾಲ್ವಿನ ಅಧ್ಯಾಯವೇ ಬೇಡ, ಪುಣ್ಯವಂತರು.) ಆ ಅಧ್ಯಾಯದಲ್ಲಿ ಒಂದು ಸಲಕರಣೆಗೆ ಕನ್ನಡ ಪದ ಸಿಗದೆ ಕೂತಿದ್ದೇನೆ: ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್, ಅಂದರೆ ವಾಲ್ವ್ ಬಿಚ್ಚುವಾಗ ಅದರ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಮಾನು.

ಇದ್ದ ಹಾಗೇ ಇಡಿ ಅನ್ನುವವರಿಗೆ ಹೋದ ತಿಂಗಳ ಕಥೆ ಹೇಳಬೇಕು. ಶಿವಮೊಗ್ಗದ ಅಂಗಡಿಯೊಂದರಲ್ಲಿ ಇದೇ ಹೆಸರು ಹೇಳಿದೆ. ಹುಡುಗ ಒಳಗೆ ಹೋಗಿ, ಗಾಳಿ ಹೊಡೆಯುವ ಕಂಪ್ರೆಸರಿನ ವಾಲ್ವಿಗೆ ಹಾಕುವ ಸ್ಪ್ರಿಂಗ್ ತಂದಿಟ್ಟ. ಅವನದೇನೂ ತಪ್ಪಿಲ್ಲ. ಪಂಕ್ಚರ್ ಅಂಗಡಿಯಿಂದ ಫ್ರಿಜ್‌ವರೆಗೆ ನಮ್ಮಲ್ಲಿ ಕಂಪ್ರೆಸರ್ ಅಂದರೆ ಗುರ್ರೆನ್ನುವ ಯಂತ್ರ, ಕೈಯಲ್ಲಿ ಹಿಡಿಯುವ ಸಾಮಾನಲ್ಲ.

ಪಠ್ಯಪುಸ್ತಕದ ದಾರಿ ಹಿಡಿದರೆ ‘ಕವಾಟ ಸುರುಳಿ ಸಂಪೀಡಕ’ ಆಗುತ್ತದೆ. ಕವಾಟ ಹೃದಯಕ್ಕೆ ಒಗ್ಗಿದೆ, ಇಂಜಿನ್ನಿಗೆ ಒಗ್ಗಿಲ್ಲ. ಸಂಪೀಡನವೂ ಶಬ್ದದ ಅಲೆಯ ಪಾಠದಲ್ಲಿ ವಿರಳನದ ಪಕ್ಕ ಇದ್ದರೇ ಚೆಂದ. ಗ್ಯಾರೇಜಿನಲ್ಲಿ ಹೇಳಿ ನೋಡಿದೆ. ಮೇಸ್ತ್ರಿ ತಲೆ ಎತ್ತದೆ, “ಯಾರಿಗೆ ಮಾರಾಯ್ರೇ ಪೀಡೆ?” ಅಂದರು.

ಕೆಲಸ ನೋಡಿದರೆ ಪದ ಸಿಕ್ಕೀತು. ವಾಲ್ವಿನ ಕಡ್ಡಿಯ ತುದಿಯಲ್ಲಿರುವ ಬಿಲ್ಲೆಯನ್ನು ಸ್ಪ್ರಿಂಗ್ ಸಮೇತ ಕೆಳಗೆ ತಳ್ಳಬೇಕು. ಆಗ ಬಿಲ್ಲೆಯನ್ನು ಕಡ್ಡಿಗೆ ಹಿಡಿದಿಟ್ಟ ಎರಡು ಹೋಳಿನ ಲಾಕು ಸಡಿಲವಾಗುತ್ತದೆ. ಅದನ್ನು ಹೆಕ್ಕುವ ತನಕ ಸ್ಪ್ರಿಂಗ್ ಮೇಲೇಳಬಾರದು. ಕೈ ತಪ್ಪಿದರೆ ಲಾಕು ಚಿಮ್ಮಿ ಹೋಗುತ್ತದೆ, ಆಮೇಲೆ ಅಂಗಳವೆಲ್ಲ ಅಯಸ್ಕಾಂತ ಹಿಡಿದು ಬಗ್ಗಿ ನಡೆಯುವುದೇ.

ಇದಕ್ಕೆ ಯಾವ ಕ್ರಿಯಾಪದ? ಹಿಂಡಿದರೆ ರಸ ಬರಬೇಕು. ಅಮುಕುವುದು ಕಾಲನ್ನು, ಅಮುಕಿ ಬಿಡುತ್ತೇವೆ. ಅದುಮು ಅರ್ಥಕ್ಕೆ ಎಲ್ಲಕ್ಕಿಂತ ಹತ್ತಿರ. ಏಳಲು ನೋಡುವುದನ್ನು ಏಳದಂತೆ ಹಿಡಿಯುವುದು ಅದುಮುವುದು, ಸಿಟ್ಟಾದರೂ ಸೈ, ಸ್ಪ್ರಿಂಗಾದರೂ ಸೈ. ಆದರೆ ಅದರಿಂದ ಸಲಕರಣೆಗೆ ಹೆಸರು ಹುಟ್ಟಿಸಲು ಹೋದರೆ ‘ಅದುಮುಕ’ ಅಂತಾಗಿ ನಾಲಿಗೆಗೆ ತೊಡರುತ್ತದೆ.

ಒತ್ತು ಹಾಗಲ್ಲ. ಅಡಕೊತ್ತು ಪ್ರತಿ ಮನೆಯ ಜಗುಲಿಯಲ್ಲೂ ಇದೆ, ನನ್ನ ಕಿವಿಗೆ ಅದರಲ್ಲಿ ಕೇಳುವುದು ‘ಒತ್ತು’. ಅದೇ ಜಾಡಿನಲ್ಲಿ ‘ಸ್ಪ್ರಿಂಗೊತ್ತು’ ಅಂದರೆ? ಹೋಂಡಾ ಜಿಎಕ್ಸ್ 160ರಂಥ ಇಂಜಿನ್ನಿಗಂತೂ ಸಲಕರಣೆಯೇ ಬೇಡ. ಬಿಲ್ಲೆಯಲ್ಲಿ ಬೀಗದ ಕಿಂಡಿಯಂಥ ತೂತಿರುತ್ತದೆ, ಒತ್ತಿ ಪಕ್ಕಕ್ಕೆ ಸರಿಸಿದರೆ ಕಳಚಿತು. ಅಲ್ಲಿ ನಿಜಕ್ಕೂ ಹೆಬ್ಬೆಟ್ಟು ಒತ್ತಿದರೆ ಸಾಕು. ಹೆಡ್, ಅಂದರೆ ಸಿಲಿಂಡರಿನ ತಲೆಯ ಭಾಗ, ಬಿಚ್ಚಿಕೊಂಡೇ ಒತ್ತಿ, ಇಲ್ಲದಿದ್ದರೆ ವಾಲ್ವ್ ಸಿಲಿಂಡರಿನೊಳಗೆ ಬಿದ್ದೀತು.

ಉಳಿದ ಇಂಜಿನ್ನುಗಳಿಗೆ ಎರಡು ಜಾತಿಯ ಸಲಕರಣೆ ಬೇಕು. ಹೆಡ್ಡಿನಲ್ಲೇ ವಾಲ್ವ್ ಇರುವಂಥದ್ದಕ್ಕೆ ಸಿ ಆಕಾರದ್ದು: ಹೆಡ್ ಬಿಚ್ಚಿ, ಒಂದು ಪಾದ ವಾಲ್ವಿನ ಮುಖಕ್ಕೆ, ಇನ್ನೊಂದು ಬಿಲ್ಲೆಗೆ ಕೊಟ್ಟು ತಿರುಪು ತಿರುಗಿಸಬೇಕು, ಶ್ಯಾವಿಗೆ ಒರಳಿನ ಹಾಗೆ. ಹಳೆಯ ಸೈಡ್ ವಾಲ್ವ್ ಇಂಜಿನ್ನಿನಲ್ಲಿ ಸ್ಪ್ರಿಂಗ್ ಬ್ಲಾಕಿನ ಪಕ್ಕದ ಗೂಡಿನೊಳಗಿರುತ್ತದೆ. ಅಲ್ಲಿಗೆ ಸಿ ಹೋಗುವುದೇ ಇಲ್ಲ. ತೆಳ್ಳನೆಯ ಎರಡು ಕವಲು ತೂರಿಸಿ ಸ್ಪ್ರಿಂಗನ್ನು ಮೇಲಕ್ಕೆ ಒತ್ತುವಂಥದ್ದು ಬೇಕು. ಒಂದೇ ಹೆಸರಿಟ್ಟರೆ ಓದುಗ ಸಿ ತಂದುಕೊಂಡು ನನ್ನನ್ನು ಬೈಯುತ್ತಾನೆ. ಹಾಗಾಗಿ ಮೊದಲನೆಯದು ‘ತಿರುಪೊತ್ತು’, ಎರಡನೆಯದು ‘ಕವಲೊತ್ತು’ ಅಂತ ಬರೆದಿಟ್ಟಿದ್ದೇನೆ.

ಒಂದು ಅನುಮಾನ ಬಿಡುತ್ತಿಲ್ಲ. ಬಡಗಿಗಳ ಬಾಯಲ್ಲಿ ‘ಒತ್ತು ಕೊಡು’ ಅಂದರೆ ಅಲ್ಲಾಡದಂತೆ ಆಸರೆ ಕೊಡು ಅಂತ. ‘ಸ್ಪ್ರಿಂಗೊತ್ತು’ ಓದಿದವರು ಸ್ಪ್ರಿಂಗಿನ ಅಡಿಗೆ ಕೊಡುವ ಪ್ಯಾಕಿಂಗ್ ಅಂದುಕೊಂಡಾರೇ? ನಮ್ಮ ಮೇಸ್ತ್ರಿ ‘ಸಿ ಕ್ಲಾಂಪು’ ಅನ್ನುತ್ತಾರೆ, ವೆಲ್ಡಿಂಗ್ ಅಂಗಡಿಯ ಕ್ಲಾಂಪಿಗೂ ಅದೇ ಹೆಸರು. ಸಾಗರ, ಹೊಸನಗರ, ಕೊಪ್ಪದ ಗ್ಯಾರೇಜುಗಳಲ್ಲಿ ಇದನ್ನು ಏನೆಂದು ಕೂಗುತ್ತಾರೆ, ಕೇಳಿದವರು ಇದ್ದರೆ ಅವರು ಅಂದ ಹಾಗೇ ಬರೆದು ತಿಳಿಸಿ.