ವೈಲೊನೆಲ್ಲಾ ಒಂಟಿಯಾಗಿ ಬೆಳೆಯುತ್ತಿಲ್ಲ, ಏನು ಮಾಡಲಿ?

ಮೈಕ್ರೋ ವಿದ್ಯಾರ್ಥಿನಿ:
ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಹಲ್ಲಿನ ಪ್ಲಾಕ್‌ನಿಂದ (ಹಲ್ಲಿನ ಮೇಲಿನ ಅಂಟು ಪದರದಿಂದ) ವೈಲೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೇರ್ಪಡಿಸುತ್ತಿದ್ದೇನೆ. ಬ್ಲಡ್ ಅಗಾರ್ (ರಕ್ತ ಸೇರಿಸಿದ ಜೆಲ್) ಪ್ಲೇಟ್‌ನಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕಾಲೊನಿಗಳಿಗೆ ಅಂಟಿಕೊಂಡ ಹಾಗೆ ಸಣ್ಣ ಕಾಲೊನಿಗಳು ಬಂದವು. ಗ್ರಾಂ ಸ್ಟೇನ್‌ನಲ್ಲಿ (ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ನೋಡುವ ಪರೀಕ್ಷೆಯಲ್ಲಿ) ಗುಲಾಬಿ ಬಣ್ಣದ ಜೋಡಿ ಚುಕ್ಕಿಗಳು. ಅವನ್ನೇ ಎತ್ತಿ ಗ್ಲೂಕೋಸ್ ಬ್ರಾತ್‌ಗೆ (ದ್ರವ ಆಹಾರಕ್ಕೆ) ಹಾಕಿದರೆ ಎರಡು ದಿನವಾದರೂ ಬ್ರಾತ್ ತಿಳಿಯಾಗಿಯೇ ಇರುತ್ತದೆ, ಅಂದರೆ ಏನೂ ಬೆಳೆದಿಲ್ಲ. ಮೂರು ಸಲ ಮಾಡಿದೆ. ಅನೇರೋಬಿಕ್ (ಆಮ್ಲಜನಕವಿಲ್ಲದ) ಜಾರ್, 37 ಡಿಗ್ರಿ ಎಲ್ಲ ಸರಿ ಇದೆ. ಗ್ಲೂಕೋಸ್ ಜಾಸ್ತಿ ಮಾಡಿದರೂ ಅಷ್ಟೇ. ನನ್ನ ಕೈಯಲ್ಲೇ ಸಾಯ್ತಿದೆಯಾ?

ಹಳೇ ಲ್ಯಾಬ್:
ಸತ್ತಿಲ್ಲಮ್ಮ, ಹಸಿದಿದೆ. ವೈಲೊನೆಲ್ಲಾ ಗ್ಲೂಕೋಸ್ ತಿಂದು ಬೆಳೆಯುವುದಿಲ್ಲ, ಎಷ್ಟು ಸುರಿದರೂ ವ್ಯರ್ಥ. ಅದಕ್ಕೆ ಬೇಕಿರುವುದು ಲ್ಯಾಕ್ಟೇಟ್, ಅಂದರೆ ಲ್ಯಾಕ್ಟಿಕ್ ಆಮ್ಲದ ಲವಣ ರೂಪ. ಬಾಯಲ್ಲಿ ಸ್ಟ್ರೆಪ್ಟೊಕಾಕಸ್ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ, ಇದು ಅದನ್ನು ತಿಂದು ಪ್ರೊಪಿಯಾನಿಕ್ ಮತ್ತು ಅಸಿಟಿಕ್ ಆಮ್ಲ ಮಾಡುತ್ತದೆ. ಎರಡೂ ಲ್ಯಾಕ್ಟಿಕ್‌ಗಿಂತ ದುರ್ಬಲ ಆಮ್ಲಗಳು. ಪ್ಲೇಟ್‌ನಲ್ಲಿ ಅಂಟಿಕೊಂಡು ಬಂದದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ? ನೀವು ಪಕ್ಕದ ಮನೆಯ ಅಡುಗೆಯವರನ್ನು ಬಿಟ್ಟು ಇದೊಂದನ್ನೇ ಎತ್ತಿಕೊಂಡು ಬಂದಿದ್ದೀರಿ.

ಬ್ರಾತ್‌ಗೆ ಸೋಡಿಯಂ ಲ್ಯಾಕ್ಟೇಟ್ ಸುಮಾರು 1% ಹಾಕಿ, ಪಿಎಚ್ 7.5ರ ಹತ್ತಿರ ಇಡಿ. ಜೊತೆಗೆ ಇನ್ನೊಂದು ಟ್ಯೂಬ್‌ನಲ್ಲಿ ಗ್ಲೂಕೋಸ್ ಹಾಕಿ, ಎರಡೂ ಬ್ಯಾಕ್ಟೀರಿಯಾಗಳನ್ನು ಒಟ್ಟಿಗೆ ಬೆಳೆಸಿ. ಆ ಟ್ಯೂಬ್ ಬೇಗ ಹುಳಿಯಾಗುತ್ತದೆ, ಪಿಎಚ್ ಹಿಡಿದಿಡುವ ಬಫರ್ ಮರೆಯಬೇಡಿ.

ಪ್ಲೇಟ್ ಗೆಳೆಯ:
ಒಂದು ಸೇರಿಸುತ್ತೇನೆ. ಪ್ಲಾಕ್‌ನಿಂದಲೇ ನೇರವಾಗಿ ಬೇರ್ಪಡಿಸುವಾಗ ಅಗಾರ್‌ಗೆ ಮಿಲಿಲೀಟರ್‌ಗೆ 7.5 ಮೈಕ್ರೋಗ್ರಾಂ ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್ ಹಾಕಿ. ಸ್ಟ್ರೆಪ್ಟೊಕಾಕಸ್ ಬೆಳೆಯುವುದು ನಿಲ್ಲುತ್ತದೆ, ವೈಲೊನೆಲ್ಲಾ ತಡೆದುಕೊಳ್ಳುತ್ತದೆ. ಆದರೆ ಲ್ಯಾಕ್ಟೇಟ್ ಇಲ್ಲದೆ ಇದನ್ನು ಮಾಡಿದರೆ ಮತ್ತೆ ಅದೇ ಕಥೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. 2004ರಲ್ಲಿ ಪ್ರಕಟವಾದ ಕೆಲಸದಲ್ಲಿ, ವೈಲೊನೆಲ್ಲಾ ಹತ್ತಿರವಿದ್ದಾಗ ಸ್ಟ್ರೆಪ್ಟೊಕಾಕಸ್ ಗೊರ್ಡೊನಿಯೈ ತನ್ನ ಅಮೈಲೇಸ್ ಜೀನನ್ನು ಜೋರು ಮಾಡುತ್ತದೆ ಎಂದು ಕಂಡಿತು. ಅಮೈಲೇಸ್ ಪಿಷ್ಟ ಒಡೆಯುವ ಕಿಣ್ವ. ಅಂದರೆ ಉಣ್ಣುವವರು ಬಂದಿದ್ದಾರೆ ಅಂತ ಗೊತ್ತಾದರೆ ಅಡುಗೆಯೂ ಜಾಸ್ತಿ ಆಗಬಹುದು.

ಮೈಕ್ರೋ ವಿದ್ಯಾರ್ಥಿನಿ:
ಬಂತು! 48 ಗಂಟೆಗೆ ಲ್ಯಾಕ್ಟೇಟ್ ಟ್ಯೂಬ್ ಮಬ್ಬಾಗಿದೆ, ಒಳಗಿನ ಡರ್ಹಮ್ ಟ್ಯೂಬ್‌ನಲ್ಲಿ (ಗ್ಯಾಸ್ ಹಿಡಿಯುವ ಪುಟ್ಟ ಟ್ಯೂಬ್) ಗ್ಯಾಸ್ ಗುಳ್ಳೆಯೂ ಇದೆ. ಬರೀ ಗ್ಲೂಕೋಸ್ ಇರುವುದು ಇನ್ನೂ ತಿಳಿ. ಜೋಡಿ ಬೆಳೆಸಿದ್ದನ್ನು ಸ್ಟೇನ್ ಮಾಡಿ ನೋಡಿದೆ. ಸ್ಟ್ರೆಪ್ಟೊಕಾಕಸ್‌ನ ನೇರಳೆ ಸರಗಳ ಮಧ್ಯೆ ಮಧ್ಯೆ ಗುಲಾಬಿ ಚುಕ್ಕಿಗಳು ಒತ್ತಾಗಿ ಕೂತಿವೆ. ನಾಳೆ ಗೈಡ್‌ಗೆ ಮೂರೂ ಟ್ಯೂಬ್ ತೋರಿಸುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್.