ಅಪ್‌ಡೇಟ್: ಕಂಪನಿ ಹೆಸರಲ್ಲಿ ಸೈಕಲ್ ಕೊಂಡಾಯ್ತು (ಬ್ರಿಟನ್)

ಬ್ರಿಟನ್‌ನಲ್ಲಿ ನಾನೊಬ್ಬನೇ ನಿರ್ದೇಶಕನಾಗಿರುವ ಲಿಮಿಟೆಡ್ ಕಂಪನಿಯಿಂದ, ಕೆಲಸಕ್ಕೆ ಹೋಗಿಬರಲು ಸೈಕಲ್ ಕೊಂಡರೆ ನನ್ನ ಮೇಲೆ ತೆರಿಗೆ ಬೀಳುತ್ತದೆಯೇ ಎಂದು ಕೇಳಿದ್ದೆ. ಬೀಳುವುದಿಲ್ಲ, ಆದರೆ ಷರತ್ತುಗಳಿವೆ: ಸೈಕಲ್ ಕಂಪನಿಯದ್ದಾಗಿಯೇ ಉಳಿಯಬೇಕು, ಅರ್ಧಕ್ಕಿಂತ ಹೆಚ್ಚು ಓಡಾಟ ಕೆಲಸದ್ದಾಗಿರಬೇಕು (ಮನೆಯಿಂದ ಕೆಲಸದ ಜಾಗಕ್ಕೆ ಹೋಗುವುದೂ ಸೇರಿ), ಮುಂದೆ ನೌಕರರು ಬಂದರೆ ಅವರಿಗೂ ಈ ಸೌಲಭ್ಯ ಸಿಗಬೇಕು.

ಬಿಲ್ ಕಂಪನಿ ಹೆಸರಲ್ಲೇ ಇರಲಿ, ದುಡ್ಡೂ ಕಂಪನಿ ಖಾತೆಯಿಂದಲೇ ಹೋಗಲಿ. ಹೆಲ್ಮೆಟ್, ಲೈಟು, ಬೀಗ, ಮಡ್‌ಗಾರ್ಡ್, ಪಂಕ್ಚರ್ ಕಿಟ್ ಕೂಡ ಇದೇ ತೆರಿಗೆ ವಿನಾಯಿತಿಯಲ್ಲಿ ಬರುತ್ತವೆ. 1,200 ಪೌಂಡ್ ಸೈಕಲ್‌ಗೆ, 19% ದರ ಕಟ್ಟುವ ಕಂಪನಿಗೆ ಕಾರ್ಪೊರೇಷನ್ ತೆರಿಗೆಯಲ್ಲಿ (ಕಂಪನಿ ಲಾಭದ ಮೇಲಿನ ತೆರಿಗೆ) 228 ಪೌಂಡ್ ಉಳಿತಾಯ. ವ್ಯಾಟ್‌ನಲ್ಲಿ ಮಾತ್ರ ಎಡವುವವರು ಬಹಳ: ಫ್ಲಾಟ್ ರೇಟ್ ಸ್ಕೀಮ್‌ನಲ್ಲಿದ್ದರೆ (ವಹಿವಾಟಿನ ಮೇಲೆ ನಿಗದಿತ ಶೇಕಡಾವಾರು ವ್ಯಾಟ್ ಕಟ್ಟುವ ಪದ್ಧತಿ) ವ್ಯಾಟ್ ಸೇರಿ 2,000 ಪೌಂಡ್‌ಗಿಂತ ಕಡಿಮೆಯ ಸೈಕಲ್‌ಗೆ ವ್ಯಾಟ್ ವಾಪಸ್ ಸಿಗದು.

ಇನ್ನೊಂದು ತಪ್ಪು, ಕೆಲಸದ ಓಡಾಟಕ್ಕೆಂದು ಮೈಲಿಗೆ 20 ಪೆನ್ಸ್ ತೆರಿಗೆರಹಿತ ಭತ್ಯೆಯನ್ನು ಈ ಸೈಕಲ್‌ಗೂ ಬರೆದುಕೊಳ್ಳುವುದು. ಅದು ಸ್ವಂತ ಸೈಕಲ್‌ಗೆ ಮಾತ್ರ.

ನಿಜವಾದ ತೊಡಕು ಸೈಕಲ್ಲನ್ನು ನಮ್ಮ ಹೆಸರಿಗೆ ಮಾಡಿಕೊಳ್ಳುವಾಗ. ಪುಕ್ಕಟೆ ತೆಗೆದುಕೊಂಡರೆ ಅದರ ಆಗಿನ ಬೆಲೆಗೆ ತೆರಿಗೆ ಬೀಳುತ್ತದೆ; ಆ ಬೆಲೆಯನ್ನು ಕಂಪನಿಗೆ ಕೊಟ್ಟು ಕೊಂಡರೆ ಬೀಳುವುದಿಲ್ಲ. ಎಚ್‌ಎಂಆರ್‌ಸಿ (ಬ್ರಿಟನ್ನಿನ ತೆರಿಗೆ ಇಲಾಖೆ) ಒಪ್ಪುವ ಬೆಲೆಪಟ್ಟಿಯಲ್ಲಿ, 500 ಪೌಂಡ್ ಮೀರಿದ ಸೈಕಲ್‌ಗೆ ಒಂದು ವರ್ಷ ವಯಸ್ಸಾದಾಗ ಮೂಲ ಬೆಲೆಯ 25%, ಎರಡಕ್ಕೆ 17%, ಮೂರಕ್ಕೆ 12%, ಐದಕ್ಕೆ 2%. ಅಂದರೆ 1,200ರ ಸೈಕಲ್‌ಗೆ ವರ್ಷ ತುಂಬಿದಾಗ 300 ಪೌಂಡ್, ಐದು ವರ್ಷ ಕಾದರೆ 24. ನಾನು ಕಾಯುತ್ತೇನೆ. ಅಲ್ಲಿಯವರೆಗೆ ಸರ್ವಿಸ್, ಬ್ರೇಕ್ ಪ್ಯಾಡ್ ಎಲ್ಲ ಕಂಪನಿಯದೇ ಖರ್ಚು.